ಒಂದಕ್ಕೆ ಚಾಲೂ, ಎರಡಕ್ಕೆ ಬಂದ್

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಭೂತ ಅಂದರೆ ಹಲ್ಲು ಕಿಸಿದು ನಗುತ್ತಿದ್ದವನು ನಾನು. ಮಸಣದ ಪಕ್ಕ ಯಂತ್ರ ಕೆಟ್ಟು ನಿಂತರೆ ಅಲ್ಲೇ ಬುತ್ತಿ ಬಿಚ್ಚಿ ಉಂಡವನು. ಇಂಥ ಅನುಭವ ಯಾರಾದರೂ ಹೇಳಿದರೆ "ಎಷ್ಟು ಕುಡಿದಿದ್ದೆಪಾ?" ಎಂದು ಕೇಳುತ್ತಿದ್ದೆ. ನೀವೂ ಅದನ್ನೇ ಕೇಳಿದರೆ ನನಗೆ ಸಿಟ್ಟಿಲ್ಲ... ಸುಳ್ಳು ಯಾಕೆ, ಸಿಟ್ಟು ಬಂದೇ ಬರುತ್ತದೆ. ಆದರೆ ಅವತ್ತು ನನ್ನ ಹೊಟ್ಟೆಯಲ್ಲಿ ಎರಡು ಕಪ್ ಚಹಾ ಬಿಟ್ಟರೆ ಬೇರೇನೂ ಇರಲಿಲ್ಲ. ಇದು ನಡೆದದ್ದು. ನನ್ನ ಬಲಗೈಯೇ ಮಾಡಿದ್ದು.

ನನ್ನ ಹೆಸರು ಶರಣಪ್ಪ, ಊರು ಮಕ್ತಲ್. ಮಣ್ಣು ಅಗೆಯುವ ದೊಡ್ಡ ಯಂತ್ರಗಳ ರಿಪೇರಿ ನನ್ನ ಕೆಲಸ. ಹತ್ತೊಂಬತ್ತು ವರ್ಷವಾಯಿತು. ನಾರಾಯಣಪೇಟೆಯಿಂದ ಗದ್ವಾಲದವರೆಗೆ ಎಲ್ಲಿ ಕಾಲುವೆ ತೋಡಿದರೂ, ಎಲ್ಲಿ ಕಲ್ಲು ಒಡೆದರೂ, ಯಂತ್ರ ನಿಂತರೆ ಫೋನು ಬರುವುದು ನಮಗೆ. ನಮಗೆ ಅಂದರೆ ನನಗೂ ಭೀಮರಾಯನಿಗೂ.

ಭೀಮರಾಯ ನಾರಾಯಣಪೇಟೆಯವನು. ಒಂಬತ್ತು ವರ್ಷ ನನ್ನ ಜೋಡಿಯಾಗಿ ದುಡಿದ. ನಾನು ಬೆಂಕಿ, ಅವನು ನೀರು. ಒಂದು ಹುಳುಕು ಹಲ್ಲಿತ್ತು ಅವನಿಗೆ. ಕೀಳಿಸಲು ಹೆದರಿ ಇಡೀ ದಿನ ಬಾಯಲ್ಲಿ ಲವಂಗ ಇಟ್ಟುಕೊಂಡಿರುತ್ತಿದ್ದ. ಐದು ಟನ್ನಿನ ಬಕೆಟ್ಟಿನ ಕೆಳಗೆ ಮಲಗಲು ಹೆದರದವನು ಇಕ್ಕಳಕ್ಕೆ ಹೆದರುತ್ತಾನಲ್ಲ ಎಂದು ನಾನು ರೇಗಿಸುತ್ತಿದ್ದೆ. ಅವನು ಎಲ್ಲಿ ನಿಂತರೂ ಡೀಸೆಲ್ ವಾಸನೆಯ ಜೊತೆ ಲವಂಗದ ವಾಸನೆ ಇರುತ್ತಿತ್ತು.

ನಮ್ಮ ಕೆಲಸದಲ್ಲಿ ಒಬ್ಬ ಎಂಜಿನ್ ಹತ್ತಿರ, ಇನ್ನೊಬ್ಬ ಮುಂದೆ ಕ್ಯಾಬಿನ್ನಿನಲ್ಲಿ ಚಾವಿ ಹಿಡಿದು ಕೂರಬೇಕು. ಕೂಗಿದರೆ ಕೇಳಿಸುವುದಿಲ್ಲ. ಅದಕ್ಕೆ ಎಂಜಿನ್ ಹತ್ತಿರ ಇರುವವನು ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಯಂತ್ರದ ಕಬ್ಬಿಣಕ್ಕೆ ಬಡಿಯುತ್ತಾನೆ. ಒಂದು ಬಡಿದರೆ ಚಾವಿ ತಿರುಗಿಸು ಎಂದರ್ಥ. ಎರಡು ಬಡಿದರೆ ನಿಲ್ಲಿಸು, ಮುಟ್ಟಬೇಡ. ಒಂದಕ್ಕೆ ಚಾಲೂ, ಎರಡಕ್ಕೆ ಬಂದ್. ಬಡಿತ ಕಬ್ಬಿಣದ ಮೂಲಕ ಹರಿದು ಕ್ಯಾಬಿನ್ನಿನ ನೆಲದಲ್ಲಿ ಅಂಗಾಲಿಗೇ ಗೊತ್ತಾಗುತ್ತದೆ. ಈ ಪಾಠವನ್ನು ಈ ಭಾಗದ ಎಷ್ಟು ಆಪರೇಟರುಗಳಿಗೆ ನಾನೇ ಕಲಿಸಿದ್ದೇನೋ ಲೆಕ್ಕವಿಲ್ಲ.

ಸರಿಯಾದ ಪದ್ಧತಿ ಅದಲ್ಲ. ಎಂಜಿನ್ನಿಗೆ ಕೈ ಹಾಕುವ ಮೊದಲು ಸ್ಟಾರ್ಟರಿನ ವೈರು ಕಳಚಬೇಕು. ಆಗ ಯಾರು ಚಾವಿ ತಿರುಗಿಸಿದರೂ ಏನೂ ಆಗುವುದಿಲ್ಲ. ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಆದರೆ ಕಳಚುವುದು, ಮತ್ತೆ ಹಾಕುವುದು, ಹತ್ತು ನಿಮಿಷ ಯಾರಿಗೆ ಬೇಕು ಎಂಬ ಸೊಕ್ಕು. ಪಾನಾ ಇದೆಯಲ್ಲ, ಬಡಿದರಾಯಿತು.

ಹೋದ ಚಳಿಗಾಲದಲ್ಲಿ ಮಕ್ತಲ್ ದಾಟಿ ಕೃಷ್ಣೆಯ ಕಡೆ ಹೋಗುವ ದಾರಿಯಲ್ಲಿ ಒಂದು ಕಾಲುವೆ ಕೆಲಸ ನಡೆದಿತ್ತು. ಅಲ್ಲಿನ ಒಂದು ಯಂತ್ರ ಅಗೆಯುತ್ತ ಅಗೆಯುತ್ತ ಒಮ್ಮೆಲೇ ಸತ್ತುಹೋಗುತ್ತಿತ್ತು. ಡೀಸೆಲ್ ಇದೆ, ಬ್ಯಾಟರಿ ಇದೆ, ಎಂಜಿನ್ ಮಾತ್ರ ಗಪ್ಪನೆ ಬಂದ್. ಅರ್ಧ ಗಂಟೆ ಬಿಟ್ಟು ಚಾವಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ. ಸ್ಕ್ರೀನಿನಲ್ಲಿ ಬರುತ್ತಿದ್ದ ದೋಷ ಒಂದೇ: ಎಂಜಿನ್ನಿನ ವೇಗ ತಿಳಿಯುತ್ತಿಲ್ಲ.

ಎಂಜಿನ್ನಿನ ಬೆನ್ನಿಗೆ ಭಾರದ ಒಂದು ಚಕ್ರ ಇರುತ್ತದೆ. ಅದರ ಸುತ್ತ ಹಲ್ಲುಗಳು. ಆ ಹಲ್ಲುಗಳಿಗೆ ಎದುರಾಗಿ, ಕವಚದ ತೂತಿನಲ್ಲಿ, ಬೆರಳುದ್ದದ ಒಂದು ಸೆನ್ಸರನ್ನು ಬೋಲ್ಟಿನಂತೆ ತಿರುವಿ ಕೂರಿಸಿರುತ್ತಾರೆ. ಚಕ್ರ ತಿರುಗಿದಾಗ ಎಷ್ಟು ಹಲ್ಲು ದಾಟಿದವು ಎಂದು ಎಣಿಸಿ ಕಂಪ್ಯೂಟರಿಗೆ ತಿಳಿಸುವುದು ಅದರ ಕೆಲಸ. ಎಣಿಕೆ ತಪ್ಪಿದರೆ ಕಂಪ್ಯೂಟರು ಡೀಸೆಲ್ ನಿಲ್ಲಿಸಿಬಿಡುತ್ತದೆ. ಸೆನ್ಸರಿನ ತುದಿಗೂ ಹಲ್ಲಿಗೂ ನಡುವೆ ಉಗುರಿನಷ್ಟು ದಪ್ಪದ ಸಂದು ಇರಬೇಕು. ಹಲ್ಲಿಗೆ ತಾಗುವವರೆಗೆ ತಿರುವಿ, ಅರ್ಧ ಸುತ್ತು ಹಿಂದೆ ತಂದು, ಮೇಲಿನ ನಟ್ಟು ಬಿಗಿಯಬೇಕು. ಬಿಗಿದ ಮೇಲೆ ನಟ್ಟಿನ ಮೇಲೆ ಹಳದಿ ಬಣ್ಣದ ಒಂದು ಗೆರೆ ಎಳೆಯುವುದು ನನ್ನ ರೂಢಿ. ಗೆರೆ ಇದ್ದರೆ ಶರಣಪ್ಪ ಬಿಗಿದಿದ್ದಾನೆ, ಮತ್ತೆ ಮುಟ್ಟಿ ನೋಡಬೇಕಿಲ್ಲ ಎಂದು ಎಲ್ಲರಿಗೂ ಗೊತ್ತು.

ಅವತ್ತು ನನಗೆ ಬೇಸರ. "ನೀನೇ ಹೋಗಿ ಬಾರಲೇ" ಎಂದು ಭೀಮರಾಯನನ್ನು ಒಬ್ಬನೇ ಕಳಿಸಿದೆ.

ಕ್ಯಾಬಿನ್ನಿನಲ್ಲಿ ಇದ್ದವನು ಆಪರೇಟರ್ ಮೊಗಲಪ್ಪ, ಕೊತ್ತಪಲ್ಲಿಯವನು. ಭೀಮರಾಯ ಎಂಜಿನ್ನಿನ ದೊಡ್ಡ ನಟ್ಟಿಗೆ ಸಾಕೆಟ್ ಹಾಕಿ, ಅದರ ಹಿಡಿಗೆ ಮಾರುದ್ದದ ಪೈಪು ತೂರಿಸಿ, ಎದೆಯೊತ್ತಿ ಎಂಜಿನ್ನನ್ನು ಕೈಯಿಂದಲೇ ನಿಧಾನ ತಿರುಗಿಸುತ್ತಿದ್ದ. ಸೆನ್ಸರಿಗೆ ಮೀಟರು ಹಚ್ಚಿ, ಯಾವ ಹಲ್ಲಿನ ಹತ್ತಿರ ಸಿಗ್ನಲ್ ಸಾಯುತ್ತದೆ ಎಂದು ಹುಡುಕುವ ಕ್ರಮ ಅದು. ಆಗ ಮೊಗಲಪ್ಪ ಚಾವಿ ತಿರುಗಿಸಿದ.

ಸ್ಟಾರ್ಟರ್ ಎಳೆದ ರಭಸಕ್ಕೆ ಪೈಪು ತಿರುಗಿ ಬಂದು ಭೀಮರಾಯನ ಎದೆಯನ್ನು ಹಿಂದಿನ ಕಬ್ಬಿಣಕ್ಕೆ ಜಜ್ಜಿತು. ನಾನು ಹೋಗುವ ಹೊತ್ತಿಗೆ ಅವನನ್ನು ಇಳಿಸಿ ಮಣ್ಣಿನ ಮೇಲೆ ಮಲಗಿಸಿದ್ದರು. ಎದೆಯ ಎಡಭಾಗ ಒಳಗೆ ಕುಸಿದಿತ್ತು. ಬಾಯಿಂದ, ಮೂಗಿನಿಂದ ರಕ್ತ. ಕೆಳತುಟಿಯ ಮೇಲೆ ಒಂದು ಲವಂಗ ಅಂಟಿಕೊಂಡಿತ್ತು... ಅದನ್ನು ನಾನೇ ತೆಗೆದೆ.

ಮೊಗಲಪ್ಪ ಎಲ್ಲರ ಕಾಲಿಗೂ ಬೀಳುತ್ತಿದ್ದ. "ನಾ ಕೇಳೀನ್ರೀ... ಒಂದು ಬಡದಿದ್ದು ನಾ ಕೇಳೀನಿ. ಅದಕ್ಕ ತಿರುವೀನಿ."

ಯಾರು ನಂಬುತ್ತಾರೆ? ಪೈಪು ಹಿಡಿದವನಿಗೆ ಪಾನಾ ಬಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಅದಲ್ಲದೆ ಎರಡು ದಿನದ ಹಿಂದೆಯಷ್ಟೇ ಇಬ್ಬರಿಗೂ ಜಗಳವಾಗಿತ್ತು. ಯಂತ್ರವನ್ನು ಎತ್ತಿನಂತೆ ಬಡಿದು ಓಡಿಸುತ್ತೀಯ ಎಂದು ಭೀಮರಾಯ ಬೈದದ್ದಕ್ಕೆ, "ಒಂದಿನ ನಿನ್ನ ಎದಿ ಒಡೀತೀನಿ ನೋಡು" ಎಂದು ಮೊಗಲಪ್ಪ ಹತ್ತು ಜನರೆದುರು ಅಂದಿದ್ದ. ಈಗ ಎದೆಯೇ ಒಡೆದಿತ್ತು.

ಭೀಮರಾಯನನ್ನು ಮಣ್ಣು ಮಾಡಿದ ದಿನ ಮೊಗಲಪ್ಪನೂ ಬಂದಿದ್ದ, ದೂರ ನಿಂತಿದ್ದ. ನಾನು ಹೋಗಿ ಕಪಾಳಕ್ಕೆ ಬಾರಿಸಿದೆ. ಬಿದ್ದವನನ್ನು ಒದ್ದೆ. ಜನ ನನ್ನನ್ನು ಹಿಡಿದು ಎಳೆಯುವವರೆಗೆ ಒದ್ದೆ. ಅವನು ಕೈ ಅಡ್ಡ ತರಲಿಲ್ಲ. "ಒಂದು ಕೇಳೀನ್ರಿ" ಎಂದೇ ಅನ್ನುತ್ತಿದ್ದ.

ಮೂರು ವಾರ ಕಳೆಯಿತು. ಪೊಲೀಸರು ಪಂಚನಾಮೆ ಮುಗಿಸಿ ಯಂತ್ರ ಬಿಟ್ಟುಕೊಟ್ಟರು. ಮೊಗಲಪ್ಪನನ್ನೂ ಸದ್ಯಕ್ಕೆ ಬಿಟ್ಟಿದ್ದರು. ಠಾಣೆಯಿಂದ ನನಗೆ ಕರೆ ಬಂತು. ನಾಳೆ ಬೆಳಿಗ್ಗೆ ಬಂದು ಬಯಾನು, ಅಂದರೆ ಹೇಳಿಕೆ, ಕೊಡು ಎಂದರು. "ನೀ ಕೆಲಸ ಬಲ್ಲಾವ. ಯಾರೂ ಬಡೀದ ಹಂಗ ಬಡದ ಸದ್ದು ಕೇಳತೈತೇನು? ಅದಷ್ಟು ಹೇಳು. ಕೇಳಂಗಿಲ್ಲ ಅಂದ್ರ ಇದು ಕೊಲೆ." ಮೊಗಲಪ್ಪನ ಇಡೀ ಬದುಕು ನನ್ನ ಬಾಯಲ್ಲಿತ್ತು. ಏನು ಹೇಳಬೇಕೆಂದು ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.

ಆದರೂ ಒಂದು ಮುಳ್ಳು ಚುಚ್ಚುತ್ತಿತ್ತು. ಭೀಮರಾಯನ ಹೆಂಡತಿ ಅಂಜಮ್ಮ ಗದ್ವಾಲದ ನೇಕಾರರ ಮನೆಯ ಮಗಳು, ಮಾತು ಕಡಿಮೆ. ಅವಳು ನನಗೆ ಹೇಳಿದ್ದು ಒಂದೇ. "ಅಣ್ಣಾ, ಬೇಕಂತಲೇ ಮಾಡಿದ್ರ ಶಿಕ್ಷಾ ಆಗಲಿ. ಇಲ್ಲಾಂದ್ರ ಮತ್ತೊಂದು ಮನಿ ಹಾಳು ಮಾಡಬ್ಯಾಡ್ರಿ. ನೀವು ಖರೇ ತಿಳ್ಕೊಂಡು ಹೇಳ್ರಿ."

ಖರೇ ತಾನೇ? ಅವನ ಬಾಯಿಂದಲೇ ಕಕ್ಕಿಸುತ್ತೇನೆ ಅಂದುಕೊಂಡೆ.

ಅವತ್ತು ಸಂಜೆ ನನ್ನ ಗಾಡಿ ತೆಗೆದುಕೊಂಡು ಕೊತ್ತಪಲ್ಲಿಗೆ ಹೋದೆ. ಮೊಗಲಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಸೊರಗಿ ಅರ್ಧವಾಗಿದ್ದ.

"ಎಲ್ಲಿಗ್ರಿ ಅಣ್ಣಾ, ಈ ಹೊತ್ತಿನಾಗ?"

"ಮಷೀನ್ ನೋಡಾಕ. ಜೋಡಿ ಒಬ್ಬಾವ ಬೇಕು. ನಡಿ."

"ನಾ ಆ ಕ್ಯಾಬಿನ್ ಹತ್ತಂಗಿಲ್ರಿ. ಕೈ ಮುಗೀತೀನಿ."

"ಹತ್ತಬ್ಯಾಡ. ನೀ ಕೆಳಗ ನಿಲ್ಲು."

ಅವನು ಚಪ್ಪಲಿ ಮೆಟ್ಟಿ ಬಂದು ಗಾಡಿ ಹತ್ತಿದ.

ಕಾಲುವೆಗೆ ಬರುವಷ್ಟರಲ್ಲಿ ಪೂರ್ತಿ ಕತ್ತಲಾಗಿತ್ತು. ಕೆಲಸದವರು ಹೋಗಿದ್ದರು, ಕಾವಲುಗಾರ ಊಟಕ್ಕೆ ಹೋಗಿದ್ದ. ಯಂತ್ರ ದಂಡೆಯ ಮೇಲೆ ಬಕೆಟ್ಟನ್ನು ಮಣ್ಣಿಗೆ ಊರಿ ನಿಂತಿತ್ತು. ಹಸಿ ಮಣ್ಣಿನ ವಾಸನೆ, ಹಳೆಯ ಆಯಿಲ್ಲಿನ ವಾಸನೆ. ಹತ್ತಿ ಹೊಲದಿಂದ ಜೀರುಂಡೆಗಳ ಸದ್ದು ಒಂದೇ ಸಮ ಬರುತ್ತಿತ್ತು.

ಎಂಜಿನ್ ಪಕ್ಕದ ಮೆಟ್ಟಿಲು ಹತ್ತಿ, ಬಾನೆಟ್ ಎತ್ತಿ ಟಾರ್ಚ್ ಬಿಟ್ಟೆ. ಭೀಮರಾಯ ನಿಂತಿದ್ದ ಜಾಗವನ್ನು ತೊಳೆದಿದ್ದರು. ಸಂದಿನಲ್ಲಿ ಮಾತ್ರ ಕಪ್ಪಗೆ ಏನೋ ಒಣಗಿಕೊಂಡಿತ್ತು. ಆಯಿಲ್ ಇರಬಹುದು ಎಂದು ಮನಸ್ಸಿಗೆ ಹೇಳಿಕೊಂಡೆ... ಅದು ಆಯಿಲ್ ಆಗಿರಲಿಲ್ಲ.

ಮೊದಲು ಸೆನ್ಸರ್ ಬಿಚ್ಚಿದೆ. ಹೊಸದು ತಂದಿದ್ದೆ, ಆಮೇಲೆ ಹಾಕೋಣ ಎಂದು. ಪಾನಾ ಹಚ್ಚುವ ಮೊದಲೇ ನಟ್ಟು ಬೆರಳಿಗೇ ತಿರುಗಿತು. ಭೀಮರಾಯ ಸಡಿಲಿಸಿರಬೇಕು ಅಂದುಕೊಂಡೆ. ನನ್ನ ತಲೆಯಲ್ಲಿ ಮೊಗಲಪ್ಪ ಬಿಟ್ಟರೆ ಬೇರೇನೂ ಇರಲಿಲ್ಲ. ಸೆನ್ಸರನ್ನು ಸರಿಯಾಗಿ ನೋಡದೆ ಅಂಗಿಯ ಜೇಬಿಗೆ ಹಾಕಿದೆ, ಪಾನಾವನ್ನು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಸಾಕೆಟ್ ಹಾಕಿ ಪೈಪು ತೂರಿಸಿದೆ.

"ಹಿಡಿ ಇದನ್ನ."

ಮೊಗಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಯಾಕ್ರಿ ಅಣ್ಣಾ? ಇದ್ಯಾಕ್ರಿ?"

ಕೊರಳಪಟ್ಟಿ ಹಿಡಿದು ಎಳೆದೆ. ಅಂಗಿ ಹರಿಯಿತು. ಎರಡು ಏಟು ಕೊಟ್ಟೆ, ತುಟಿ ಒಡೆಯಿತು. ಅವನ ಎರಡೂ ಕೈಗಳನ್ನು ಪೈಪಿನ ಮೇಲೆ ಇಟ್ಟು ಎದೆಯನ್ನು ಅದಕ್ಕೆ ಒತ್ತಿ ನಿಲ್ಲಿಸಿದೆ.

"ಅವ ಹೆಂಗ ನಿಂತಿದ್ದ, ಹಂಗ ನಿಲ್ಲು. ಅಳ್ಳಾಡಿದ್ರ ಇಲ್ಲೇ ಹೂಳತೀನಿ."

ಅವನ ಒಡೆದ ತುಟಿಯ ರಕ್ತ ಪೈಪಿನ ಮೇಲೆ ತೊಟ್ಟಿಕ್ಕುತ್ತಿತ್ತು. ನನಗೆ ಅಯ್ಯೋ ಅನಿಸಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಒಳಗೊಳಗೆ ಖುಷಿಯಾಗಿತ್ತು.

ನಾನು ಕ್ಯಾಬಿನ್ ಹತ್ತಿ ಚಾವಿ ಹಾಕಿ ಒಂದು ಹಂತ ತಿರುಗಿಸಿದೆ. ಸ್ಕ್ರೀನ್ ಹತ್ತಿಕೊಂಡಿತು. ಇನ್ನೊಂದು ಹಂತಕ್ಕೆ ಸ್ಟಾರ್ಟರ್. ಸೆನ್ಸರ್ ಇಲ್ಲದ್ದರಿಂದ ಎಂಜಿನ್ ಚಾಲೂ ಆಗುವುದಿಲ್ಲ, ಆದರೆ ಸ್ಟಾರ್ಟರ್ ತಿರುಗೇ ತಿರುಗುತ್ತದೆ. ಅವನನ್ನು ಹೆದರಿಸುವುದಷ್ಟೇ ನನ್ನ ಉದ್ದೇಶ ಎಂದು ನಿಮಗೆ ಹೇಳಬಹುದು. ನಿಜವಾಗಿ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಗಾಜು ಸರಿಸಿ ಕೂಗಿದೆ. "ಈಗ ಹೇಳಲೇ! ಭೀಮ್ಯಾ ಎಷ್ಟು ಬಡದ?"

"ಒಂದ್ರೀ!"

"ಸುಳ್ಳ!"

"ನಮ್ಮವ್ವನಾಣಿ, ಒಂದೇ ರೀ ಅಣ್ಣಾ! ಒಂದು ಕೇಳೀನಿ!"

"ಬೇಕಂತ ಕೊಂದೀನಿ ಅನ್ನು, ಬಿಟ್ಟುಬಿಡತೀನಿ!"

ಅವನು ಮಕ್ಕಳಂತೆ ದನಿ ತೆಗೆದು ಅಳತೊಡಗಿದ. ಆ ಅಳು ಕೇಳಲಾರದೆ ನಾನು ಗಾಜು ಎಳೆದುಕೊಂಡೆ.

ಒಳಗೆ ಎಲ್ಲ ಗಪ್‌ಚಿಪ್. ಜೀರುಂಡೆಯೂ ಇಲ್ಲ, ಅಳುವೂ ಇಲ್ಲ. ನನ್ನ ಉಸಿರಿನ ಸದ್ದು ಮಾತ್ರ.

ಆಗ ಬಂತು... ಲವಂಗದ ವಾಸನೆ.

ಮೊದಲು ಭ್ರಮೆ ಅಂದುಕೊಂಡೆ. ಆದರೆ ಅದು ತೆಳುವಾದ ವಾಸನೆಯಾಗಿರಲಿಲ್ಲ. ಯಾರೋ ಕಿವಿಯ ಹತ್ತಿರ ಬಾಯಿ ತಂದು ಉಸಿರು ಬಿಟ್ಟಂತೆ, ಬೆಚ್ಚಗೆ, ಲಾಲಾರಸದ ಜೊತೆ ಬೆರೆತ ಲವಂಗ. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಎದುರಿನ ಸ್ಕ್ರೀನನ್ನೇ ದಿಟ್ಟಿಸಿ ಕೂತೆ.

ಸೆನ್ಸರ್ ನನ್ನ ಜೇಬಿನಲ್ಲಿತ್ತು. ವೇಗದ ಜಾಗದಲ್ಲಿ ಬರಿಯ ಗೆರೆಗಳು ಇರಬೇಕು, ಇದ್ದವು. ನೋಡುತ್ತಿದ್ದಂತೆ ಗೆರೆಗಳು ಹೋಗಿ ಸೊನ್ನೆ ಬಂತು. ಆಮೇಲೆ ಒಂಬತ್ತು. ಹತ್ತು. ಮತ್ತೆ ಒಂಬತ್ತು... ಸ್ಟಾರ್ಟರಿನ ವೇಗ ಅದಲ್ಲ, ಎಂಜಿನ್ನಿನದಂತೂ ಅಲ್ಲವೇ ಅಲ್ಲ. ಒಬ್ಬ ಮನುಷ್ಯ ಪೈಪಿಗೆ ಎದೆ ಕೊಟ್ಟು ನಿಧಾನ ತಿರುಗಿಸಿದರೆ ಬರುವಂಥ ವೇಗ.

"ಭೀಮ್ಯಾ..." ಅಂದೆನೋ ಏನೋ.

ಟಣ್.

ಒಂದೇ ಬಡಿತ. ಕಿವಿಗೆ ಕೇಳಿಸಿತು, ಅಂಗಾಲಿಗೂ ಮುಟ್ಟಿತು. ಪಾನಾ ಕಬ್ಬಿಣಕ್ಕೆ ಬಿದ್ದ ಸದ್ದು, ಹತ್ತೊಂಬತ್ತು ವರ್ಷ ಕೇಳಿದ ಸದ್ದು. ತಲೆ ಏನಾದರೂ ಯೋಚಿಸುವ ಮೊದಲೇ ಕೈ ತನ್ನ ಕೆಲಸ ಮಾಡಿ ಮುಗಿಸಿತ್ತು. ಚಾವಿ ತಿರುಗಿಸಿದ್ದೆ.

ಸ್ಟಾರ್ಟರ್ ಗರ್ರ್ ಎಂದು ಎಳೆಯಿತು. ಹಿಂದೆ ಕಬ್ಬಿಣಕ್ಕೆ ಕಬ್ಬಿಣ ಅಪ್ಪಳಿಸಿತು. ಹಸಿ ಕಟ್ಟಿಗೆ ಮುರಿದಂಥ ಸದ್ದು. ಆಮೇಲೆ ಮೊಗಲಪ್ಪನ ಚೀರಾಟ.

ಹೇಗೆ ಇಳಿದೆನೋ ಗೊತ್ತಿಲ್ಲ. ಅವನು ಮೆಟ್ಟಿಲಿನಿಂದ ಕೆಳಗೆ ಮಣ್ಣಿನಲ್ಲಿ ಬಿದ್ದು ಹೊರಳುತ್ತಿದ್ದ. ಬಲಗೈ ಮೊಣಕೈಯಿಂದ ಕೆಳಗೆ ಎಲ್ಲಿ ಮಡಚಬಾರದೋ ಅಲ್ಲಿ ಮಡಚಿತ್ತು. ಟಾರ್ಚಿನ ಬೆಳಕಿಗೆ ಬಿಳಿಯ ಎಲುಬಿನ ತುದಿ ಕಂಡಿತು. ರಕ್ತ ಚಿಮ್ಮಿ ನನ್ನ ಮುಖಕ್ಕೆ ಹಾರಿತು. ನೋವಿಗೆ ಅವನ ಬಾಯಲ್ಲಿ ತೆಲುಗು ಬರುತ್ತಿತ್ತು, "ಎಂದುಕನ್ನಾ... ಎಂದುಕು..." ಎಂದು. ಯಾಕಣ್ಣಾ, ಯಾಕೆ ಎಂದು.

ನಾನು ಅವನ ಭುಜ ಹಿಡಿದು ಅಲುಗಾಡಿಸಿದೆ. "ಯಾಕ ಬಡದಿ? ನೀ ಯಾಕ ಬಡದೀಲೇ?"

"ನಾ ಬಡದಿಲ್ರೀ! ಕೈ ಪೈಪಿನ ಮ್ಯಾಲ ಇದ್ವು... ನನ್ನ ಕಡೆ ಪಾನಾ ಎಲ್ಲೈತ್ರಿ?"

ಹಿಂದಿನ ಜೇಬು ಮುಟ್ಟಿ ನೋಡಿಕೊಂಡೆ. ಪಾನಾ ಅಲ್ಲೇ ಇತ್ತು.

"ನಾ ಕೇಳೀನಿ" ಅಂದೆ. "ಒಂದು ಬಡದಿದ್ದು ನಾ ಕೇಳೀನಿ. ಅದಕ್ಕ ತಿರುವೀನಿ."

ಅಂದ ಮೇಲೆ ನನ್ನದೇ ಮಾತು ನನ್ನ ಕಿವಿಗೆ ಬಿತ್ತು. ಮೂರು ವಾರದ ಹಿಂದೆ ಅವನು ಹೇಳಿದ್ದು ಇದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಆ ಮಾತಿಗೇ ನಾನು ಅವನನ್ನು ಒದ್ದಿದ್ದೆ. ಮೊಗಲಪ್ಪ ಚೀರುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದ.

ಟವೆಲ್ಲಿನಿಂದ ಅವನ ಕೈ ಬಿಗಿದು ಕಟ್ಟಿ, ಯಂತ್ರದ ಸುತ್ತ ಒಮ್ಮೆ ಟಾರ್ಚ್ ಹಿಡಿದು ಬಂದೆ. ಹಸಿ ಮಣ್ಣಿನಲ್ಲಿ ನಮ್ಮಿಬ್ಬರ ಹೆಜ್ಜೆಗಳು ಮಾತ್ರ ಇದ್ದವು.

ಮಕ್ತಲಿನ ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. ಮೊಗಲಪ್ಪ ತಾನೇ, "ಮಷೀನ್ ಮ್ಯಾಲಿಂದ ಬಿದ್ದೀನ್ರಿ" ಎಂದ. ಡಾಕ್ಟರು ಅತ್ತ ಹೋದ ಮೇಲೆ ಮೆಲ್ಲಗೆ ಹೇಳಿದ. "ಖರೇ ಹೇಳಿದ್ರ ಯಾರೂ ನಂಬಂಗಿಲ್ರಿ ಅಣ್ಣಾ. ನನಗ ಗೊತ್ತೈತಿ ಅದು."

ಅವನನ್ನು ಒಳಗೆ ಒಯ್ದರು. ನಾನು ಹೊರಗೆ ಬೆಂಚಿನ ಮೇಲೆ ಕುಸಿದೆ. ಜೇಬಿನಲ್ಲಿ ಏನೋ ಚುಚ್ಚಿತು. ಸೆನ್ಸರ್. ತೆಗೆದು ಟ್ಯೂಬ್‌ಲೈಟಿನ ಕೆಳಗೆ ಹಿಡಿದೆ.

ತುದಿ ಕೆತ್ತಿಹೋಗಿತ್ತು. ಒಂದು ಕಡೆ ಲೋಹ ಹೊಳೆಯುವಂತೆ ಉಜ್ಜಿಹೋಗಿತ್ತು. ಅಂದರೆ ಸೆನ್ಸರ್ ಸಡಿಲಾಗಿ, ಅದುರಿ ಅದುರಿ, ಚಕ್ರದ ಹಲ್ಲಿಗೆ ತಾಗುವಷ್ಟು ಒಳಗೆ ಇಳಿದಿತ್ತು. ಯಾವುದೋ ಒಂದು ಹಲ್ಲಿನ ಅಂಚು ಎದ್ದಿರಬೇಕು. ಎಣಿಕೆ ತಪ್ಪುತ್ತಿದ್ದುದು ಅದಕ್ಕೇ, ಎಂಜಿನ್ ನಿಲ್ಲುತ್ತಿದ್ದುದೂ ಅದಕ್ಕೇ. ಪೈಪು ಹಾಕಿ ನಿಧಾನ ತಿರುಗಿಸಿದಾಗ ಆ ಹಲ್ಲು ಬಂದು ಸೆನ್ಸರಿಗೆ ಸಿಕ್ಕಿಕೊಂಡು, ಜಗ್ಗಿ, ತಪ್ಪಿಸಿಕೊಂಡರೆ... ಟಣ್. ಒಂದೇ ಬಡಿತ. ಕವಚದಿಂದ ಕಬ್ಬಿಣಕ್ಕೆ, ಕಬ್ಬಿಣದಿಂದ ಕ್ಯಾಬಿನ್ನಿಗೆ.

ಮೊಗಲಪ್ಪ ಸುಳ್ಳು ಹೇಳಿರಲಿಲ್ಲ.

ಸೆನ್ಸರಿನ ಮೇಲಿದ್ದ ನಟ್ಟಿನ ಎಣ್ಣೆಮಣ್ಣು ಒರೆಸಿ ತಿರುಗಿಸಿ ನೋಡಿದೆ. ಹಳದಿ ಗೆರೆ ಇರಲಿಲ್ಲ. ಅಳಿಸಿದ್ದೂ ಅಲ್ಲ, ಎಳೆದೇ ಇರಲಿಲ್ಲ. ಭೀಮರಾಯ ನಟ್ಟು ಸಡಿಲಿಸಿರಲಿಲ್ಲ, ನಾನು ಬಿಗಿದಿರಲಿಲ್ಲ.

ಎಲ್ಲ ನೆನಪಾಯಿತು. ನಾಲ್ಕು ತಿಂಗಳ ಹಿಂದೆ ಈ ಯಂತ್ರ ಗದ್ವಾಲದ ಕಡೆ ಕೆಲಸದಲ್ಲಿದ್ದಾಗ ಈ ಸೆನ್ಸರ್ ಹಾಕಿದವನು ನಾನೇ. ಅರ್ಧದಲ್ಲಿ ಫೋನು ಬಂತು, ಯಾರ ಮೇಲೋ ಕೂಗಾಡಿದೆ, ಸಿಟ್ಟಿನಲ್ಲಿ ಸಾಮಾನು ಎತ್ತಿಕೊಂಡು ಹೊರಟೆ. ಭೀಮರಾಯ ಹಿಂದಿನಿಂದ ಕೇಳಿದ್ದ, "ಗೆರಿ ಹಾಕಿದೇನಲೇ ಶರಣ್ಯಾ?" "ಹಾಕೀನಿ, ನಡಿಯಲೇ" ಅಂದಿದ್ದೆ. ಅವನು ನಂಬಿದ. ನಂಬಿದ್ದಕ್ಕೇ ಅವತ್ತು ಎಣ್ಣೆಮಣ್ಣು ಮೆತ್ತಿದ್ದ ನಟ್ಟನ್ನು ಒರೆಸಿ ನೋಡದೆ ಹಲ್ಲು ಹುಡುಕಲು ಹೊರಟ.

ಆಸ್ಪತ್ರೆಯ ಆ ಬೆಂಚಿನ ಮೇಲೆ ನಾನು ಹೋ ಎಂದು ಅತ್ತೆ. ಜನ ತಿರುಗಿ ನೋಡಿದರು, ನೋಡಲಿ ಬಿಡು ಅನಿಸಿತು.

ಬೆಳಗಾಗುತ್ತಲೇ ಕಾಲುವೆಗೆ ಹೋದೆ. ಸ್ಟಾರ್ಟರಿನ ವೈರು ಕಳಚಿದೆ, ಆ ಹತ್ತು ನಿಮಿಷದ ಕೆಲಸವನ್ನು ಅವತ್ತು ಮಾಡಿದೆ. ಹಳೆಯ ಸೆನ್ಸರನ್ನು ಮೊದಲಿದ್ದಂತೆ ಸಡಿಲಾಗಿ ಕೂರಿಸಿದೆ. ಅಲ್ಲಿನ ಸೂಪರ್‌ವೈಸರನ್ನು ಏನೂ ಹೇಳದೆ ಕ್ಯಾಬಿನ್ನಿನಲ್ಲಿ ಕೂರಿಸಿ, ಪೈಪಿಗೆ ಎದೆ ಕೊಟ್ಟು ತಿರುಗಿಸಿದೆ. ಒಂದು ಸುತ್ತು ಮುಗಿಯುವ ಮುಂಚೆಯೇ ಅವನು ಕಿಟಕಿಯಿಂದ ತಲೆ ಹೊರಹಾಕಿದ.

"ಯಾಕ್ರೀ ಬಡದ್ರಿ? ಚಾಲೂ ಮಾಡ್ಲೇನು?"

ಅಲ್ಲಿಂದ ನೇರ ಠಾಣೆಗೆ ಹೋಗಿ ಬಯಾನು ಕೊಟ್ಟೆ. ಯಾರೂ ಬಡಿಯದೆ ಸದ್ದು ಕೇಳುತ್ತದೆ, ನಟ್ಟು ಬಿಗಿಯದವನು ನಾನು ಎಂದು ಬರೆಸಿ ಸಹಿ ಹಾಕಿದೆ. ಮೊಗಲಪ್ಪನ ತಲೆಯ ಮೇಲಿದ್ದ ಕೊಲೆಯ ಮಾತು ಹೋಯಿತು. ಅಜಾಗರೂಕತೆಯ ಕೇಸಿನಲ್ಲಿ ಈಗ ನನ್ನ ಹೆಸರೂ ಇದೆ, ಇರಬೇಕಾದದ್ದೇ. ಆ ರಾತ್ರಿಯ ಸಂಗತಿ ಮಾತ್ರ ಬಾಯಿ ಬಿಡಲಿಲ್ಲ.

ಅಂಜಮ್ಮನಿಗೂ ಹೋಗಿ ಹೇಳಿದೆ, ತಲೆ ತಗ್ಗಿಸಿಕೊಂಡೇ. ಬೈಯುತ್ತಾಳೆ, ಮುಖಕ್ಕೆ ಉಗಿಯುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ.

"ಗೆರಿ ಹಾಕಿಲ್ಲ ಅಂತ ಅವರಿಗೆ ಗೊತ್ತಿತ್ತೇನ್ರಿ ಅಣ್ಣಾ?"

"ಇಲ್ಲವ್ವಾ. ಹಾಕೀನಿ ಅಂತ ಸುಳ್ಳ ಹೇಳಿದ್ದೆ."

"ಈಗ ಗೊತ್ತಾಗಿರತೈತಿ ಬಿಡ್ರಿ" ಎಂದಳು.

ಮೊಗಲಪ್ಪ ಅವತ್ತು ಕೇಳಿದ ಬಡಿತಕ್ಕೆ ಕಾರಣ ಸಿಕ್ಕಿತು. ನಾನು ಕೇಳಿದ ಬಡಿತಕ್ಕೆ ಏನು ಹೇಳಲಿ? ನಾನು ಕ್ಯಾಬಿನ್ನಿನಲ್ಲಿದ್ದಾಗ ಆ ಸೆನ್ಸರ್ ಯಂತ್ರದಲ್ಲಿರಲಿಲ್ಲ, ನನ್ನ ಎದೆಯ ಮೇಲಿನ ಜೇಬಿನಲ್ಲಿತ್ತು. ಹಲ್ಲು ತಾಗಲು ಅಲ್ಲಿ ಖಾಲಿ ತೂತು ಬಿಟ್ಟರೆ ಏನೂ ಇರಲಿಲ್ಲ. ಬಿಸಿ ಎಂಜಿನ್ ಆರುವಾಗ ಟಿಕ್ ಟಿಕ್ ಅನ್ನುತ್ತದೆ, ನಿಜ. ಆದರೆ ಅದು ಮೂರು ವಾರದಿಂದ ತಣ್ಣಗೆ ನಿಂತಿತ್ತು.

ಎರಡು ತಿಂಗಳ ಮೇಲೆ ಮೊಗಲಪ್ಪನನ್ನು ನೋಡಲು ಕೊತ್ತಪಲ್ಲಿಗೆ ಹೋದೆ. ಕೈ ಕೂಡಿತ್ತು, ಸ್ವಲ್ಪ ಸೊಟ್ಟ. ಚಹಾ ತರಿಸಿದ. ಕಾಲು ಹಿಡಿಯಲು ಹೋದರೆ ಹಿಡಿಯಗೊಡಲಿಲ್ಲ. ಚಹಾ ಕುಡಿಯುತ್ತಿರುವಾಗ ಕೇಳಿದ.

"ಅಣ್ಣಾ, ಆವತ್ತ ರಾತ್ರಿ ನಿಮಗ ಎಷ್ಟು ಕೇಳಿಸ್ತು?"

"ಒಂದು. ಹೇಳಿದ್ನಲ್ಲಪಾ."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನನಗೂ ಕೇಳಿಸ್ತ್ರಿ. ಕಿವಿ ಬಾಜೂಕ... ಎರಡು."

"ಏನಂದಿ?"

"ಎರಡು ಬಡದ್ರು. ಟಣ್, ಟಣ್. ಬಂದ್ ಅಂದಂಗ. ಲವಂಗದ ವಾಸನಿ ಬಂತ್ರಿ. ಎರಡು ಕೇಳಿಸಿದ ಕೂಡ್ಲೇ ಎದಿ ಹಿಂದಕ್ಕ ತಗೊಂಡೆ, ಕೈ ಬಿಡಿಸ್ಕೊಳ್ಳೋದ್ರಾಗ ಪೈಪ್ ಬಂತು. ಎದಿ ಅಲ್ಲೇ ಇದ್ದಿದ್ರ ನಾ ಇವತ್ತ ಇರತಿರ್ಲಿಲ್ಲ. ಅವತ್ತೇ ಹೇಳಿದ್ರ ನೀವು ಮತ್ತ ಹೊಡೀತಿದ್ರಿ, ಅದಕ್ಕ ಹೇಳಿಲ್ಲ."

ನಾನು ಚಹಾ ಅರ್ಧಕ್ಕೇ ಇಟ್ಟು ಎದ್ದುಬಂದೆ.

ಅವನಿಗೆ ಎರಡು ಕೇಳಿಸಿದವು, ನನಗೆ ಒಂದೇ. ಒಂದೇ ಯಂತ್ರ, ಒಂದೇ ಕಬ್ಬಿಣ. ಅವನನ್ನು ಉಳಿಸಿದವನು ನನ್ನಿಂದ ಒಂದು ಬಡಿತ ಮುಚ್ಚಿಟ್ಟ. ಎರಡೂ ಕೇಳಿಸಿದ್ದರೆ ನಾನು ಚಾವಿ ತಿರುಗಿಸುತ್ತಿರಲಿಲ್ಲ, ಮೊಗಲಪ್ಪನನ್ನು ನಂಬುತ್ತಲೂ ಇರಲಿಲ್ಲ.

ಈಗ ನಾನು ಪಾನಾ ಬಡಿಯುವುದಿಲ್ಲ, ಯಾರಿಗೂ ಬಡಿಯಲು ಬಿಡುವುದಿಲ್ಲ. ಮೊದಲು ಸ್ಟಾರ್ಟರಿನ ವೈರು ಕಳಚುತ್ತೇನೆ, ಆಮೇಲೆ ಮಾತು. ಆದರೂ ಒಮ್ಮೊಮ್ಮೆ ಗಾಜು ಮುಚ್ಚಿದ ಕ್ಯಾಬಿನ್ನಿನಲ್ಲಿ ಒಬ್ಬನೇ ಕೂತಾಗ, ಎಲ್ಲಿಂದಲೋ ಲವಂಗದ ವಾಸನೆ ಬರುತ್ತದೆ. ಆಗ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತೇನೆ, ಅದು ಹೋಗುವವರೆಗೆ.